ರಾಜಕಾಲುವೆಗೆ ಬಿದ್ದ ಎಲೆಕ್ಟ್ರಿಕ್ ಗಾಡಿ: ಎತ್ತಿಸಿದ್ದು, ಒಣಗಿಸಿದ್ದು, ಕ್ಲೇಮ್ ಮಾಡಿದ್ದು

ನನ್ನ ಎಲೆಕ್ಟ್ರಿಕ್ ಸ್ಕೂಟರ್ ಈಗಷ್ಟೇ ಮನೆಗೆ ವಾಪಸ್ ಬಂದಿದೆ. ಗಾಡಿಯ ಜೊತೆ ಕಾಲುವೆಗೆ ಬಿದ್ದ ಲ್ಯಾಪ್‌ಟಾಪ್, ಫೋನು, ಹಾರ್ಡ್ ಡಿಸ್ಕುಗಳಲ್ಲಿ ಕೆಲವು ಉಳಿದವು, ಕೆಲವು ಹೋದವು. ಇವುಗಳ ಹಿಂದೆ ಓಡಾಡುವಾಗ ಯಾರಾದರೂ ಕನ್ನಡದಲ್ಲಿ ಇದನ್ನೆಲ್ಲ ಬರೆದಿದ್ದಾರಾ ಅಂತ ಹುಡುಕಿದೆ, ಸಿಗಲಿಲ್ಲ. ಪೆಟ್ರೋಲ್ ಗಾಡಿ ನೀರಿಗೆ ಬಿದ್ದರೆ ಏನು ಮಾಡಬೇಕು ಅಂತ ಬೀದಿ ಕೊನೆಯ ಮೆಕ್ಯಾನಿಕ್ಕಿಗೂ ಗೊತ್ತು. ಎಲೆಕ್ಟ್ರಿಕ್ ಅಂದ ಕೂಡಲೇ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಹಾಗಾಗಿ ಬರೆಯುತ್ತಿದ್ದೇನೆ.

ನನ್ನದು ಲೆಕ್ಕ ಬರೆಯುವ ಕೆಲಸ. ಬೆಂಗಳೂರಿನ ಕತ್ರಿಗುಪ್ಪೆ, ಹೊಸಕೆರೆಹಳ್ಳಿ, ಬನಶಂಕರಿ ಕಡೆಯ ಅಂಗಡಿಯವರಿಗೆ ಜಿಎಸ್‌ಟಿ ಫೈಲ್ ಮಾಡಿಕೊಡುತ್ತೇನೆ. ಅವತ್ತು ಸಂಜೆ ಹೊಸಕೆರೆಹಳ್ಳಿಯಲ್ಲಿ ಒಬ್ಬ ಕ್ಲೈಂಟ್ ಅಂಗಡಿಯಿಂದ ಹೊರಡುವ ಹೊತ್ತಿಗೆ ಮಳೆ ಜೋರಾಯಿತು. ಲ್ಯಾಪ್‌ಟಾಪ್, ಫೋನು, ಬ್ಯಾಕಪ್ ಹಾರ್ಡ್ ಡಿಸ್ಕು, ಕ್ಲೈಂಟ್‌ಗಳ ಡಿಜಿಟಲ್ ಸಹಿಯ ಡಾಂಗಲ್ ಇರುವ ಪೌಚು, ಎಲ್ಲವನ್ನೂ ಸೀಟಿನ ಕೆಳಗೆ ಹಾಕಿ ಲಾಕ್ ಮಾಡಿದೆ. ಮಳೆಯಲ್ಲಿ ನೀರು ಹೋಗದ ಜಾಗ ಅದೊಂದೇ ಅಲ್ವಾ? ಪಕ್ಕದ ಹೂವಿನಂಗಡಿಯ ಶೀಟಿನ ಕೆಳಗೆ ನಿಂತುಕೊಂಡೆ.

ಗಾಡಿ ನಿಂತಿದ್ದು ರಾಜಕಾಲುವೆಯ (ಊರಿನ ಮಳೆ ನೀರು ಹರಿಯುವ ದೊಡ್ಡ ಚರಂಡಿ) ಪಕ್ಕದ ರಸ್ತೆಯಲ್ಲಿ, ಬೇರೆ ಗಾಡಿಗಳ ಸಾಲಿನಲ್ಲೇ. ತಡೆಗೋಡೆಯ ಒಂದು ತುಂಡು ರಸ್ತೆಯ ಅಂಚನ್ನೂ ಎಳೆದುಕೊಂಡು ಕುಸಿಯಿತು. ಮೂರು ಗಾಡಿ ಒಟ್ಟಿಗೆ ಹೋದವು. ಹೂವಿನವಳು "ಅಕ್ಕಾ, ನಿಮ್ ಗಾಡಿ!" ಅಂತ ಕೂಗಿದ್ದಷ್ಟೇ ನೆನಪು. 2020ರ ಅಕ್ಟೋಬರ್‌ನಲ್ಲಿ ಇದೇ ಹೊಸಕೆರೆಹಳ್ಳಿಯ ದತ್ತಾತ್ರೇಯ ನಗರದಲ್ಲಿ ಕಾಲುವೆ ನೀರು ಮನೆಗಳಿಗೆ ನುಗ್ಗಿದ್ದನ್ನು ನೋಡಿದವರಿಗೆ ಆ ನೀರಿನ ಸೆಳೆತ ಎಂಥದ್ದು ಅಂತ ಗೊತ್ತಿರುತ್ತದೆ. ಇಳಿಯುವ ಮಾತೇ ಇರಲಿಲ್ಲ. ಒಬ್ಬ ಹುಡುಗ ಚಪ್ಪಲಿ ಬಿಚ್ಚಿ ಇಳಿಯಲು ಹೊರಟಿದ್ದ. ನಾಲ್ಕು ಜನ ಹಿಡಿದು ಹಿಂದಕ್ಕೆಳೆದರು.

ತಮಾಷೆ ಅಂದರೆ, ಹೂವಿನವಳ ಫೋನಿನಿಂದ ಮನೆಗೆ ಫೋನ್ ಮಾಡಿದಾಗ ನಮ್ಮನೆಯವರಿಗೆ ಆಗಲೇ ಸುದ್ದಿ ಗೊತ್ತಿತ್ತು. ಗಾಡಿಯ ಆ್ಯಪ್ ಅವರ ಫೋನಿನಲ್ಲೂ ಇತ್ತು. "ನಿಮ್ಮ ವಾಹನ ಬಿದ್ದಿರಬಹುದು" ಅಂತ ಅದರಲ್ಲಿ ಸಂದೇಶ ಬಂದಿತ್ತು. ಚಾರ್ಜ್ 78 ಪರ್ಸೆಂಟ್ ಇದೆ ಅಂತಲೂ ತೋರಿಸುತ್ತಿತ್ತಂತೆ. ಆ ಸ್ಕ್ರೀನನ್ನು ಹಾಗೇ ಸ್ಕ್ರೀನ್‌ಶಾಟ್ ತೆಗೆದಿಡಿ ಅಂದೆ. ಸಮಯ, ಜಾಗ ಎರಡೂ ಅದರಲ್ಲಿದ್ದವು. ಆಮೇಲೆ ಇನ್ಶೂರೆನ್ಸ್‌ನವರು ಕೇಳಿದ ಮೊದಲ ಪ್ರಶ್ನೆಗೆ ಅದೇ ಉತ್ತರವಾಯಿತು.

ಮಳೆ ನಿಂತು ನೀರು ಮೊಣಕಾಲಿಗಿಂತ ಕೆಳಗಿಳಿಯುವವರೆಗೆ ಕಾದೆವು. ಅಷ್ಟರಲ್ಲಿ ಕತ್ತಲಾಗಿತ್ತು. ನನ್ನ ಗಾಡಿ ಸ್ವಲ್ಪ ಮುಂದೆ ಒಂದು ಪೈಪಿಗೆ ಆತು ನಿಂತಿತ್ತು, ಅರ್ಧ ಕೆಸರಿನಲ್ಲಿ. ಹತ್ತಿರದಲ್ಲೇ ಹೂಳೆತ್ತಲು ತಂದ ಜೆಸಿಬಿ ಇತ್ತು. ಡ್ರೈವರ್ 1,500 ರೂಪಾಯಿಗೆ ಒಪ್ಪಿದರು. ಅವರ ಹೆಲ್ಪರ್ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು, ಅಗಲದ ಬೆಲ್ಟನ್ನು ಮುಂದಿನ ಫೋರ್ಕಿಗೂ ಹಿಂದಿನ ಸ್ವಿಂಗ್ ಆರ್ಮಿಗೂ ಹಾಕಿದರು. ಬೆಲ್ಟನ್ನು ಹ್ಯಾಂಡಲ್ಲಿಗೋ ಹಿಂದಿನ ಗ್ರ್ಯಾಬ್ ರೈಲಿಗೋ ಹಾಕಿದರೆ ಪ್ಲಾಸ್ಟಿಕ್ ಕಿತ್ತುಕೊಂಡು ಗಾಡಿ ಮತ್ತೆ ಬೀಳುತ್ತದೆ. ನೂರು ಕೆಜಿಗಿಂತ ಜಾಸ್ತಿ ತೂಕದ ಗಾಡಿ ಅದು. ಎತ್ತುವ ಮೊದಲು ನೀರಿನಲ್ಲಿದ್ದಾಗಲೇ ನಂಬರ್ ಪ್ಲೇಟ್ ಕಾಣುವ ಹಾಗೆ ಫೋಟೋ, ವಿಡಿಯೋ ತೆಗೆಸಿದೆ.

ಇಲ್ಲೊಂದು ಮಾತು. ಆ ಹೆಲ್ಪರ್ ಮತ್ತು ನಾನು ಇಬ್ಬರೂ ಅವತ್ತೇ ಕ್ಲಿನಿಕ್ಕಿಗೆ ಹೋದೆವು. ಅವರ ಕಾಲಿಗೆ ಗಾಜು ತಾಗಿತ್ತು, ನನ್ನ ಕೈಯಲ್ಲಿ ಗೀರಿತ್ತು. ಕಾಲುವೆಯಲ್ಲಿ ಹರಿಯುವುದು ಮಳೆ ನೀರಿಗಿಂತ ಜಾಸ್ತಿ ಕೊಳಚೆ. ಡಾಕ್ಟರ್ ಟಿಟಿ ಕೊಟ್ಟು, ಇಲಿ ಜ್ವರ ಬರದಿರಲಿ ಅಂತ ಮಾತ್ರೆ ಬರೆದರು. ಗಾಡಿಯ ಗಡಿಬಿಡಿಯಲ್ಲಿ ಇದನ್ನು ಬಿಡಬೇಡಿ.

ಗಾಡಿ ಮೇಲೆ ಬಂದ ತಕ್ಷಣ ಸುತ್ತ ನಿಂತವರದ್ದು ಒಂದೇ ಮಾತು: "ಒಂದ್ಸಲ ಆನ್ ಮಾಡಿ ನೋಡೋಣ ಮೇಡಂ." ಬೇಡ ಅಂದೆ. ನೀರು ಹೊಕ್ಕ ಸರ್ಕ್ಯೂಟಿಗೆ ಕರೆಂಟ್ ಹರಿದಾಗಲೇ ನಿಜವಾದ ನಷ್ಟ ಆಗುವುದು. ಬರೀ ನೀರಿನಿಂದ ತಾಮ್ರ ನಿಧಾನಕ್ಕೆ ಹಾಳಾಗುತ್ತದೆ. ನೀರಿನ ಜೊತೆ ವೋಲ್ಟೇಜೂ ಇದ್ದರೆ ಗಂಟೆಗಳಲ್ಲಿ ಹಸಿರು ಪಾಚಿ ಕಟ್ಟಿದ ಹಾಗಾಗುತ್ತದೆ. ಕೊಳಚೆ ನೀರಿನಲ್ಲಿ ಉಪ್ಪು, ಸೋಪು ಎಲ್ಲ ಕರಗಿರುವುದರಿಂದ ಅದರಲ್ಲಿ ಕರೆಂಟ್ ಇನ್ನೂ ಚೆನ್ನಾಗಿ ಹರಿಯುತ್ತದೆ. ಚಾರ್ಜರ್ ಹಾಕುವುದಂತೂ ಬೇಡವೇ ಬೇಡ. ಕೆಲವು ಗಾಡಿಗಳಲ್ಲಿ ಸೀಟಿನ ಕೆಳಗೆ ಎಂಸಿಬಿ, ಅಂದರೆ ಬ್ಯಾಟರಿಯ ಕರೆಂಟ್ ಕಡಿಯುವ ಸ್ವಿಚ್ಚು, ಇರುತ್ತದೆ. ಇದ್ದರೆ ರಬ್ಬರ್ ಗ್ಲೌಸ್ ಹಾಕಿಕೊಂಡು ಅದನ್ನು ಆಫ್ ಮಾಡಿ. ನನ್ನ ಗಾಡಿಯಲ್ಲಿತ್ತು, ಮಾಡಿದೆ. ಕೆಸರು ತೊಳೆಯಲು ಬಕೆಟ್ ನೀರು ಸಾಕು. ವಾಟರ್ ಸರ್ವಿಸ್ ಅಂಗಡಿಯ ಪ್ರೆಷರ್ ಗನ್ ಹಿಡಿದರೆ ಕಾಲುವೆ ನೀರು ಹೋಗದ ಕನೆಕ್ಟರ್ ಒಳಗೂ ನೀರು ಹೋಗುತ್ತದೆ.

ಎಲ್ಲರೂ ಹೇಳುವ ಇನ್ನೊಂದು ಮಾತು, "ಬ್ಯಾಟರಿ ಐಪಿ67 ಇದೆ, ಏನೂ ಆಗಲ್ಲ." ಐಪಿ ಅಂದರೆ ಒಳಗೆ ನೀರು, ಧೂಳು ಹೋಗದಂತೆ ಎಷ್ಟು ತಡೆಯುತ್ತದೆ ಅನ್ನುವ ರೇಟಿಂಗ್. ಆ ಪರೀಕ್ಷೆ ಲ್ಯಾಬಿನಲ್ಲಿ ಮಾಡುವಂಥದ್ದು: ಶುದ್ಧ ನೀರು, 1 ಮೀಟರ್ ಆಳ, 30 ನಿಮಿಷ, ಹೊಸ ಸೀಲು. ಗಾಡಿ ಕಾಂಕ್ರೀಟಿಗೆ ಬಡಿದು, ಉರುಳಿ, ಒಂದು ಗಂಟೆಗಿಂತ ಜಾಸ್ತಿ ಕೊಳಚೆಯಲ್ಲಿ ಇದ್ದಾಗ ಆ ನಂಬರಿನ ಮೇಲೆ ಭಾರ ಹಾಕೋಕಾಗಲ್ಲ. ನೀರು ಕುಡಿದ ಲಿಥಿಯಂ ಬ್ಯಾಟರಿ ಅವತ್ತೇ ಹೊತ್ತಿಕೊಳ್ಳಬೇಕು ಅಂತೇನಿಲ್ಲ. ಒಳಗೆ ತುಕ್ಕು ಹಿಡಿದು ಶಾರ್ಟ್ ಆಗಲು ದಿನಗಳು, ವಾರಗಳು ಬೇಕಾಗಬಹುದು.

ಹಾಗಾದರೆ ರಾತ್ರಿ ಗಾಡಿಯನ್ನು ಎಲ್ಲಿಡುವುದು? ನೀರಲ್ಲಿ ಮುಳುಗಿದ ಎಲೆಕ್ಟ್ರಿಕ್ ವಾಹನವನ್ನು ಕಟ್ಟಡದಿಂದ 50 ಅಡಿ ದೂರ ಇಡಿ ಅಂತ ಅಮೆರಿಕದ ಸುರಕ್ಷತಾ ಇಲಾಖೆಯವರು ಹೇಳುತ್ತಾರೆ. ನಮ್ಮದು 30-40 ಸೈಟು! ಐವತ್ತು ಅಡಿ ಬೇಕು ಅಂದರೆ ಎದುರು ಮನೆಯವರ ಅಡುಗೆಮನೆಯಲ್ಲಿ ನಿಲ್ಲಿಸಬೇಕು. ಕೊನೆಗೆ ಹಿಂದಿನ ಕ್ರಾಸಿನ ಒಂದು ಖಾಲಿ ಸೈಟಿನ ಓನರಿಗೆ ಫೋನ್ ಮಾಡಿದೆವು. "ಹೊತ್ತಿಕೊಂಡರೆ ನನ್ನ ಕೇಳಬೇಡಿ" ಅಂತ ಹೇಳಿ ಬೀಗ ತೆಗೆದುಕೊಟ್ಟರು. ಬೇಸ್‌ಮೆಂಟಿನಲ್ಲಿ, ಬೇರೆ ಗಾಡಿಗಳ ಪಕ್ಕದಲ್ಲಿ, ಲಿಫ್ಟ್ ಹತ್ತಿರ ಇಡಲೇಬೇಡಿ. ಬೇಸ್‌ಮೆಂಟಿನಲ್ಲೇ ಗಾಡಿ ಮುಳುಗಿದ್ದರೆ ಮೊದಲು 1912ಕ್ಕೆ ಫೋನ್ ಮಾಡಿ ಬೆಸ್ಕಾಂನಿಂದ ಕರೆಂಟ್ ತೆಗೆಸಿ, ಆಮೇಲೆ ಇಳಿಯಿರಿ. 2025ರ ಮೇನಲ್ಲಿ ಬಿಟಿಎಂ ಲೇಔಟ್ ಕಡೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ನೀರು ಖಾಲಿ ಮಾಡುವಾಗ ಕರೆಂಟ್ ಹೊಡೆದು ಇಬ್ಬರು ತೀರಿಕೊಂಡರು. ಅದರಲ್ಲಿ ಒಬ್ಬ ಸಣ್ಣ ಹುಡುಗ.

ಅವತ್ತು ರಾತ್ರಿ ಮನೆಯಲ್ಲಿ ನೆಲದ ಮೇಲೆ ಪೇಪರ್ ಹಾಸಿ ಸೀಟಿನ ಕೆಳಗಿನ ಸಾಮಾನನ್ನೆಲ್ಲ ಸುರಿದೆವು. ಆ ವಾಸನೆ ಇನ್ನೂ ಮೂಗಲ್ಲಿದೆ. ನಮ್ಮತ್ತೆ ಅಕ್ಕಿ ಡಬ್ಬ ತಂದಿಟ್ಟರು. ಪಾಪ, ಎಲ್ಲರೂ ಹೇಳುವುದು ಅದನ್ನೇ. ಆದರೆ ಅಕ್ಕಿಯಲ್ಲಿ ಹೂತಿಟ್ಟರೆ ಅಕ್ಕಿಯ ಪುಡಿ ಒಳಗೆ ಹೋಗಿ ತೊಂದರೆ ಜಾಸ್ತಿ ಆಗುತ್ತದೆ. ಹಾಗೆ ಮಾಡಬೇಡಿ ಅಂತ ಆ್ಯಪಲ್ ಕಂಪನಿಯೇ ತನ್ನ ಸಲಹೆಯಲ್ಲಿ ಬರೆದಿದೆ. ಫ್ಯಾನಿನ ಗಾಳಿ ಸಾಕು. ಹೇರ್ ಡ್ರೈಯರ್ ಬೇಡ.

ಲ್ಯಾಪ್‌ಟಾಪಿನ ಪವರ್ ಬಟನ್ ಮುಟ್ಟಲಿಲ್ಲ. ತಳದ ಸ್ಕ್ರೂ ಬಿಚ್ಚಿ ಬ್ಯಾಟರಿಯ ಕನೆಕ್ಟರ್ ಕಿತ್ತು, ಡೇಟಾ ಇರುವ ಚಿಪ್ಪಿನ ಡ್ರೈವ್, ಅಂದರೆ ಎಸ್‌ಎಸ್‌ಡಿ ತೆಗೆದಿಟ್ಟೆ. ಯೂಟ್ಯೂಬಿನಲ್ಲಿ ಆಯಾ ಮಾಡೆಲ್ಲಿನ ವಿಡಿಯೋ ಸಿಗುತ್ತದೆ. ಧೈರ್ಯ ಇಲ್ಲದಿದ್ದರೆ ಬಿಚ್ಚಲು ಹೋಗದೆ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಹೋಗಿ ನಿಂತುಕೊಳ್ಳಿ. ನಾನು ಹೋಗಿದ್ದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ. ಅಲ್ಲಿ ಚಿಪ್ ಲೆವೆಲ್ ರಿಪೇರಿ ಮಾಡುವವರು ಬೋರ್ಡನ್ನು ಅಲ್ಟ್ರಾಸೋನಿಕ್ ಮೆಷಿನ್ನಿನಲ್ಲಿ ತೊಳೆದು, ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಉಜ್ಜಿ, ಬ್ರಷ್ಷಿನಲ್ಲಿ ಕೆಸರು ತೆಗೆದರು. "ನಿನ್ನೆ ರಾತ್ರಿ ಆನ್ ಮಾಡಿದ್ರಾ?" ಅಂತ ಕೇಳಿದರು. ಇಲ್ಲ ಅಂದದ್ದಕ್ಕೆ "ಹಾಗಾದ್ರೆ ನೋಡೋಣ" ಅಂದರು. ಕೀಬೋರ್ಡು, ಬ್ಯಾಟರಿ ಹೊಸದು ಬೇಕಾಯಿತು. ಒಟ್ಟು 9,500 ರೂಪಾಯಿ. ಒಂದು ಯುಎಸ್‌ಬಿ ಪೋರ್ಟ್ ಬಿಟ್ಟರೆ ಲ್ಯಾಪ್‌ಟಾಪ್ ನಡೆಯುತ್ತಿದೆ. ಆದರೂ ಅದನ್ನು ಪೂರ್ತಿ ನಂಬುವುದಿಲ್ಲ. ಒಳಗೆ ಉಳಿದ ತುಕ್ಕು ತಿಂಗಳುಗಳ ನಂತರವೂ ಕೈ ಕೊಡಬಹುದು ಅಂತ ಅವರೇ ಹೇಳಿದರು.

ಎಸ್‌ಎಸ್‌ಡಿಗೆ ಏನೂ ಆಗಿರಲಿಲ್ಲ. ಅದೇ ಆಲ್ಕೋಹಾಲ್‌ನಲ್ಲಿ ತೊಳೆದು, ಒಂದು ಎನ್‌ಕ್ಲೋಸರ್ (ಯುಎಸ್‌ಬಿ ಡಬ್ಬಿ) ಕೊಂಡು ಅದರಲ್ಲಿ ಹಾಕಿ ಬೇರೆ ಕಂಪ್ಯೂಟರಿಗೆ ಚುಚ್ಚಿದರೆ ಲೆಕ್ಕದ ಟ್ಯಾಲಿ ಡೇಟಾ ಎಲ್ಲ ಇದ್ದ ಹಾಗೇ ಇತ್ತು. ಡಿಜಿಟಲ್ ಸಹಿಯ ಡಾಂಗಲ್‌ಗಳೂ ಒಣಗಿದ ಮೇಲೆ ಕೆಲಸ ಮಾಡಿದವು, ಒಂದು ಬಿಟ್ಟು. ಕಂಪನಿಗಳ ಜಿಎಸ್‌ಟಿ ಫೈಲ್ ಮಾಡಲು ಆ ಸಹಿ ಕಡ್ಡಾಯ. ಕೆಟ್ಟುಹೋದದ್ದನ್ನು ಕಾಪಿ ಮಾಡಿಕೊಳ್ಳಲು ಬರುವುದಿಲ್ಲ, ಹೊಸದಾಗಿ ಅರ್ಜಿ ಹಾಕಿ ವಿಡಿಯೋ ವೆರಿಫಿಕೇಶನ್ ಮಾಡಿಸಬೇಕು.

ಹಾರ್ಡ್ ಡಿಸ್ಕಿನ ಕಥೆ ಬೇರೆ. ಅದು ಒಳಗೆ ತಟ್ಟೆ ತಿರುಗುವ ಹಳೇ ನಮೂನೆಯದು. ಅದರಲ್ಲಿ ಗಾಳಿಯಾಡಲು ಒಂದು ಸಣ್ಣ ತೂತು ಇರುತ್ತದೆ, ನೀರು ಅಲ್ಲಿಂದ ಹೋಗುತ್ತದೆ. ಡೇಟಾ ರಿಕವರಿಯವರು ಹೇಳಿದ್ದು ಕೇಳಿ ಆಶ್ಚರ್ಯವಾಯಿತು: ಹಾರ್ಡ್ ಡಿಸ್ಕನ್ನು ಒಣಗಿಸಬಾರದಂತೆ. ಒಣಗಿದರೆ ಕೆಸರು ತಟ್ಟೆಗೆ ಅಂಟಿಕೊಳ್ಳುತ್ತದೆ. ಒದ್ದೆ ಇದ್ದ ಹಾಗೇ ಪ್ಲಾಸ್ಟಿಕ್ ಕವರಿನಲ್ಲಿ ಸೀಲ್ ಮಾಡಿ ತರಬೇಕು. ನನಗೆ 28,000 ರೂಪಾಯಿ ಕೋಟ್ ಕೊಟ್ಟರು, ಸಿಗುತ್ತದೆ ಅನ್ನುವ ಗ್ಯಾರಂಟಿ ಇಲ್ಲದೆ. ಎಸ್‌ಎಸ್‌ಡಿಯಲ್ಲೇ ಎಲ್ಲ ಇದ್ದುದರಿಂದ ಬೇಡ ಅಂದೆ.

ಫೋನು ಐಪಿ68. ಆದರೆ ಡಿಸ್‌ಪ್ಲೇಯ ಮೂಲೆ ಒಡೆದಿತ್ತು, ಅಲ್ಲಿಂದ ನೀರು ಹೋಗಿತ್ತು. ಸಿಮ್ ಟ್ರೇ ತೆಗೆದರೆ ಒಳಗೊಂದು ಚಿಕ್ಕ ಬಿಳಿ ಸ್ಟಿಕ್ಕರ್ ಕಾಣುತ್ತದೆ. ನೀರು ತಾಗಿದರೆ ಕೆಂಪಾಗುತ್ತದೆ. ನನ್ನದು ಕುಂಕುಮದ ಬಣ್ಣಕ್ಕೆ ತಿರುಗಿತ್ತು. ವಾರಂಟಿಯ ಮಾತು ಅಲ್ಲಿಗೆ ಮುಗಿಯಿತು.

ಫೋನ್ ಹೋದರೆ ಇನ್ನೊಂದು ಕೊಳ್ಳಬಹುದು ಅಂದುಕೊಂಡಿದ್ದೆ. ನಿಜವಾದ ತಲೆನೋವು ಶುರುವಾಗಿದ್ದು ಇಲ್ಲಿಂದ. ನನ್ನದು ಇ-ಸಿಮ್, ಅಂದರೆ ಫೋನಿನೊಳಗೇ ಇರುವ, ತೆಗೆಯಲು ಬಾರದ ಸಿಮ್. ಪ್ಲಾಸ್ಟಿಕ್ ಸಿಮ್ ಆಗಿದ್ದರೆ ಒರೆಸಿ ಬೇರೆ ಫೋನಿಗೆ ಹಾಕಿದರೆ ಆಯಿತು. ಇ-ಸಿಮ್ಮಿಗೆ ಆಧಾರ್ ಹಿಡಿದು ಕಂಪನಿ ಸ್ಟೋರಿಗೆ ಹೋಗಬೇಕು. ಹೋದೆ, ಕೊಟ್ಟರು. ಕಾಲ್ ಬಂತು, ಇಂಟರ್‌ನೆಟ್ ಬಂತು, ಒಟಿಪಿ ಮಾತ್ರ ಬರಲಿಲ್ಲ! ಸಿಮ್ ಬದಲಿಸಿದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಮೋಸ ತಡೆಯಲು ದೂರಸಂಪರ್ಕ ಇಲಾಖೆ 2022ರ ಕೊನೆಯಲ್ಲಿ ತಂದ ನಿಯಮ. ನಿಯಮ ಒಳ್ಳೆಯದೇ, ಆದರೆ ಅವತ್ತಿನ ನನ್ನ ಪರಿಸ್ಥಿತಿ ನೋಡಿ. ಯುಪಿಐ ಹೊಸ ಫೋನಿನಲ್ಲಿ ರಿಜಿಸ್ಟರ್ ಆಗಲು ಎಸ್‌ಎಂಎಸ್ ಹೋಗಬೇಕು. ಇನ್ಶೂರೆನ್ಸ್ ಆ್ಯಪಿಗೆ ಒಟಿಪಿ ಬೇಕು. ಎಷ್ಟೋ ಅಂಗಡಿಯವರ ಜಿಎಸ್‌ಟಿ ಲಾಗಿನ್ನಿಗೆ ನನ್ನ ನಂಬರೇ ಇದೆ, 20ನೇ ತಾರೀಖು ಹತ್ತಿರ ಬಂದಿತ್ತು. ಅವತ್ತು ಕಡೆಯ ದಿನವಾದ ತಿಂಗಳ ರಿಟರ್ನ್ ಜಿಎಸ್‌ಟಿಆರ್-3ಬಿ ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಒಬ್ಬೊಬ್ಬರಿಗೂ. ಹಾಗಾಗಿ ನೀರಿಗೆ ಬಿದ್ದ ಫೋನಿನಲ್ಲಿ ಇ-ಸಿಮ್ ಇದ್ದರೆ, ಬೇರೆ ಎಲ್ಲ ಕೆಲಸಕ್ಕಿಂತ ಮೊದಲು ಅದನ್ನು ಮಾಡಿಸಿ. ಆ 24 ಗಂಟೆ ಬೇಗ ಶುರುವಾಗಲಿ. ಕೈಯಲ್ಲಿ ಸ್ವಲ್ಪ ನಗದು ಇಟ್ಟುಕೊಳ್ಳಿ. ಯುಪಿಐ ಬಂದ ಮೇಲೂ ಮೊದಲ ಒಂದು ದಿನ 5,000 ರೂಪಾಯಿ ದಾಟುವಂತಿಲ್ಲ.

ಒಟಿಪಿ ಇಲ್ಲದೆಯೂ ಇನ್ಶೂರೆನ್ಸ್‌ಗೆ ತಿಳಿಸಬಹುದು. ಕಾಲ್ ಸೆಂಟರಿನವರು ರಿಜಿಸ್ಟರ್ ಆದ ನಂಬರ್ ಅಂತಲೇ ಹಟ ಹಿಡಿದರು. ಪಾಲಿಸಿ ನಂಬರ್, ಚಾಸಿಸ್ ನಂಬರ್, ಫೋಟೋ ಎಲ್ಲ ಹಾಕಿ ಇ-ಮೇಲ್ ಕಳಿಸಿದೆ. ಮರುದಿನ ಕ್ಲೇಮ್ ನಂಬರ್ ಬಂತು. ತಡ ಮಾಡಿದರೆ ಅದನ್ನೇ ನೆಪ ಮಾಡುತ್ತಾರೆ, ಇ-ಮೇಲ್ ಆದರೆ ತಾರೀಖು ಸಮೇತ ನಮ್ಮ ಹತ್ತಿರ ದಾಖಲೆ ಉಳಿಯುತ್ತದೆ.

ಈಗ ನಿಮ್ಮ ಪಾಲಿಸಿ ತೆಗೆದು ನೋಡಿ, ಇದನ್ನು ಓದುತ್ತಿರುವಾಗಲೇ. 2018ರ ಸೆಪ್ಟೆಂಬರ್‌ನಿಂದ ಹೊಸ ಟೂ ವ್ಹೀಲರಿಗೆ 5 ವರ್ಷದ ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಯ ಇನ್ಶೂರೆನ್ಸ್, ಕಡ್ಡಾಯ. ನಮ್ಮ ಗಾಡಿಗೇ ಆದ ಹಾನಿಯ ಓನ್ ಡ್ಯಾಮೇಜ್ ಭಾಗ ಸಾಮಾನ್ಯವಾಗಿ 1 ವರ್ಷದ್ದು ಮಾತ್ರ ಇರುತ್ತದೆ. ಪೊಲೀಸರು ಹಿಡಿದಾಗ 5 ವರ್ಷದ ಪೇಪರ್ ತೋರಿಸಿ ದಾಟಿಬಿಡುತ್ತೇವೆ, ಇನ್ಶೂರೆನ್ಸ್ ಇದೆ ಅಂತ ನೆಮ್ಮದಿಯಾಗಿರುತ್ತೇವೆ. ನೀರು, ಬೆಂಕಿ, ಕಳ್ಳತನ ಎಲ್ಲ ಬರುವುದು ಓನ್ ಡ್ಯಾಮೇಜ್‌ನಲ್ಲಿ. ಅವತ್ತು ನನ್ನ ಗಾಡಿಯ ಜೊತೆ ಬಿದ್ದ ಇನ್ನೊಂದು ಗಾಡಿ ಒಬ್ಬ ಡೆಲಿವರಿ ಹುಡುಗನದ್ದು. ಅವನದ್ದು ಥರ್ಡ್ ಪಾರ್ಟಿ ಮಾತ್ರ ಉಳಿದಿತ್ತು. ಒಂದು ಪೈಸೆ ಬರಲಿಲ್ಲ. ಅವನ ಕಂತು ಇನ್ನೂ ನಡೆಯುತ್ತಿದೆ.

ಇನ್ನೊಂದು ಅಂಶ ಡೆಪ್ರಿಸಿಯೇಶನ್, ಅಂದರೆ ಪಾರ್ಟು ಹಳೆಯದಾಯಿತು ಅಂತ ಬೆಲೆಯಲ್ಲಿ ಕಳೆಯುವುದು. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿ ಇವಕ್ಕೆ ಮಾಮೂಲಿ ಪಾಲಿಸಿಯಲ್ಲಿ 50 ಪರ್ಸೆಂಟ್ ಕಳೆಯುತ್ತಾರೆ. ಪೆಟ್ರೋಲ್ ಗಾಡಿಯಲ್ಲಿ ಬ್ಯಾಟರಿ ಅಂದರೆ ಸಾವಿರ ಚಿಲ್ಲರೆ, ಯಾರಿಗೂ ಲೆಕ್ಕಕ್ಕಿಲ್ಲ. ಎಲೆಕ್ಟ್ರಿಕ್ ಗಾಡಿಯಲ್ಲಿ ಅರ್ಧ ಬೆಲೆಯೇ ಬ್ಯಾಟರಿ. ನನಗೆ ಹಾಗೆ ಕಳೆಯದ ಝೀರೋ ಡೆಪ್ ಇತ್ತು. ಅದರಲ್ಲೂ ಬ್ಯಾಟರಿಯನ್ನು ಹೊರಗಿಟ್ಟಿರುವ ಪಾಲಿಸಿಗಳಿವೆ, ಸಣ್ಣ ಅಕ್ಷರ ಓದಿ. ಸೀಟಿನ ಕೆಳಗಿದ್ದ ಲ್ಯಾಪ್‌ಟಾಪ್, ಫೋನಿಗೆ ಗಾಡಿ ಇನ್ಶೂರೆನ್ಸ್ ಬರುವುದಿಲ್ಲ. ಕೇಳಿ ನೋಡಿದೆ, ನಕ್ಕರು.

ಗಾಡಿಯನ್ನು ಸರ್ವಿಸ್ ಸೆಂಟರಿಗೆ ಸಾಗಿಸಲು ರೋಡ್ ಸೈಡ್ ಅಸಿಸ್ಟೆನ್ಸ್‌ನವರು ಬರಲಿಲ್ಲ. ಕಾಲುವೆಗೆ ಬಿದ್ದದ್ದು ಬ್ರೇಕ್‌ಡೌನ್ ಅಲ್ಲವಂತೆ. ಟಾಟಾ ಏಸ್ ಮಾಡಿಸಿದೆ, 1,200 ರೂಪಾಯಿ. ಡ್ರೈವರಿಗೆ ವಿಷಯ ಮುಚ್ಚಿಡದೆ ಹೇಳಿದೆ. ಗಾಡಿಯನ್ನು ಮಲಗಿಸದೆ ನಿಲ್ಲಿಸಿಯೇ ಕಟ್ಟಿದೆವು.

ಸರ್ವಿಸ್ ಸೆಂಟರಿನಲ್ಲಿ ಮಳೆಗಾಲದ ಜಾತ್ರೆ. ನೀರು ಹೊಕ್ಕ ಗಾಡಿಗಳ ಒಂದು ಸಾಲೇ ಶೆಡ್ಡಿನ ಹೊರಗೆ ನಿಂತಿತ್ತು. ಇಲ್ಲಿ ನಾನೊಂದು ಚಕ್ರದೊಳಗೆ ಸಿಕ್ಕಿಕೊಂಡೆ. ಇನ್ಶೂರೆನ್ಸ್ ಪರವಾಗಿ ನಷ್ಟ ಅಳೆಯುವ ಸರ್ವೇಯರ್ ಬರಬೇಕಾದರೆ ಎಸ್ಟಿಮೇಟ್ ಬೇಕು. ಎಸ್ಟಿಮೇಟ್ ಹಾಕಬೇಕಾದರೆ ಗಾಡಿ ಬಿಚ್ಚಬೇಕು. ಸರ್ವೇಯರ್ ನೋಡದೆ ಬಿಚ್ಚುವಂತಿಲ್ಲ. ಇಬ್ಬರೂ ನನಗೇ ಫೋನ್ ಮಾಡಿ "ಅವರಿಗೆ ಹೇಳಿ ಮೇಡಂ" ಅನ್ನುತ್ತಿದ್ದರು. ಬಿಡಿಸಿಕೊಂಡದ್ದು ಹೀಗೆ: ಬಿಚ್ಚುವ ಮೊದಲು ಒಂದು ಸರ್ವೇ, ಬಿಚ್ಚಿದ ಮೇಲೆ ಇನ್ನೊಂದು ಸರ್ವೇ ಬೇಕು ಅಂತ ಇಬ್ಬರಿಗೂ ಒಂದೇ ಇ-ಮೇಲ್‌ನಲ್ಲಿ ಬರೆದೆ. ಇದು ಅವರಿಗೆ ಹೊಸದೇನಲ್ಲ, ಹಾಗೇ ಮಾಡುವುದು ರೂಢಿ. ಬರೆದು ಕೇಳುವವರೆಗೆ ಯಾರೂ ಹೇಳುವುದಿಲ್ಲ ಅಷ್ಟೇ.

ದಾಖಲೆಗಳಲ್ಲಿ ಆರ್‌ಸಿ, ಡಿಎಲ್, ಪಾಲಿಸಿ, ಆಧಾರ್, ಪ್ಯಾನ್, ಕ್ಯಾನ್ಸಲ್ ಮಾಡಿದ ಚೆಕ್ ಎಲ್ಲ ಸುಲಭ. ಡಿಜಿಲಾಕರ್‌ನಲ್ಲಿದ್ದುದನ್ನೇ ಕೊಟ್ಟೆ. ಆಮೇಲೆ ಎಮಿಷನ್ ಸರ್ಟಿಫಿಕೇಟ್ ಕೇಳಿದರು! ಹೊಗೆಯೇ ಬಿಡದ, ಹಸಿರು ಪ್ಲೇಟಿನ ಗಾಡಿಗೆ. ಎಲೆಕ್ಟ್ರಿಕ್ ವಾಹನಕ್ಕೆ ಅದು ಬೇಕಿಲ್ಲ. ಆದರೆ ಅವರ ಸಿಸ್ಟಮ್ಮಿನಲ್ಲಿ ಆ ಕಾಲಂ ಖಾಲಿ ಬಿಟ್ಟರೆ ಫೈಲ್ ಮುಂದೆ ಹೋಗುವುದಿಲ್ಲ. ಆರ್‌ಸಿಯಲ್ಲಿ ಇಂಧನ ಎಲೆಕ್ಟ್ರಿಕ್ ಅಂತಿರುವ ಜಾಗಕ್ಕೆ ಗೀಟು ಹಾಕಿ ಆ ಪುಟವನ್ನೇ ಅಪ್‌ಲೋಡ್ ಮಾಡಿದೆ. ಒಪ್ಪಿಕೊಂಡಿತು. ಪೊಲೀಸ್ ದೂರಿನ ಪ್ರತಿಯನ್ನೂ ಕೇಳಿದರು. ಠಾಣೆಯಲ್ಲಿ ಇದಕ್ಕೆ ಎಫ್‌ಐಆರ್ ಆಗಲ್ಲ ಅಂದರು. ಅರ್ಜಿ ಕೊಟ್ಟು ಹಿಂಬರಹ (ಅರ್ಜಿ ಬಂದಿದೆ ಅಂತ ಠಾಣೆಯವರು ಬರೆದುಕೊಡುವ ಪತ್ರ) ಕೇಳಿ, ಕೊಡುತ್ತಾರೆ. ನನಗೆ ಅಷ್ಟೇ ಸಾಕಾಯಿತು. ಗೋಡೆ ಕುಸಿದದ್ದಕ್ಕೆ ಪರಿಹಾರ ಕೊಡಿ ಅಂತ ಪಾಲಿಕೆ ಇಂಜಿನಿಯರ್ ಕಚೇರಿಗೂ ಒಂದು ಅರ್ಜಿ ಕೊಟ್ಟೆ. ಸ್ವೀಕೃತಿ ಸೀಲು ಬಿತ್ತು. ಅದರಾಚೆ ಏನೂ ಇಲ್ಲ.

ಬಿಚ್ಚಿದ ಮೇಲೆ ಎಸ್ಟಿಮೇಟ್ ಬಂತು. ಬ್ಯಾಟರಿ 58,000. ವೈರಿಂಗ್ ಹಾರ್ನೆಸ್, ಕಂಟ್ರೋಲರ್, ಡ್ಯಾಶ್‌ಬೋರ್ಡ್, ಬೇರಿಂಗ್, ಬ್ರೇಕ್, ಒಡೆದ ಪ್ಯಾನೆಲ್, ಲೇಬರ್ ಎಲ್ಲ ಸೇರಿ ಇನ್ನೊಂದು 27,000. ಒಟ್ಟು 85,000. ನನ್ನ ಗಾಡಿಯ ಐಡಿವಿ, ಅಂದರೆ ಇನ್ಶೂರೆನ್ಸ್ ಲೆಕ್ಕದಲ್ಲಿ ಗಾಡಿಯ ಬೆಲೆ, 1,04,000. ರಿಪೇರಿ ಖರ್ಚು ಐಡಿವಿಯ 75 ಪರ್ಸೆಂಟ್ ದಾಟಿದರೆ ಟೋಟಲ್ ಲಾಸ್, ಅಂದರೆ ಗಾಡಿ ಪೂರ್ತಿ ಹೋಯಿತು ಅಂತ ಲೆಕ್ಕ. ನನ್ನ ಗೆರೆ 78,000. ಅಂದರೆ ಬ್ಯಾಟರಿ ಸೇರಿಸಿದರೆ ಗಾಡಿ ಗುಜರಿಗೆ, ಬ್ಯಾಟರಿ ಬಿಟ್ಟರೆ ರಿಪೇರಿಗೆ. ಎಲ್ಲ ನಿಂತದ್ದು ಆ ಒಂದು ಡಬ್ಬದ ಮೇಲೆ.

ವಾಹನ ಕ್ಲೇಮ್ 50,000 ದಾಟಿದರೆ ಲೈಸೆನ್ಸ್ ಇರುವ ಸರ್ವೇಯರೇ ನೋಡಬೇಕು. ಬಂದವರು ವಯಸ್ಸಾದವರು, ಸಮಾಧಾನದ ಮನುಷ್ಯ. ಮೀಟರ್ ಹಚ್ಚಿ ನೋಡಿ "ವೋಲ್ಟೇಜ್ ಸರಿಯಾಗಿದೆಯಲ್ಲಮ್ಮ, ಚೆನ್ನಾಗಿರೋ ಬ್ಯಾಟರಿಗೆ ದುಡ್ಡು ಹೇಗೆ ಕೊಡ್ಲಿ?" ಅಂದರು. ಸರ್ವಿಸ್ ಸೆಂಟರಿನವರು "ಮುಳುಗಿದ ಬ್ಯಾಟರಿನ ನಾವು ಪಾಸ್ ಮಾಡಲ್ಲ, ಬದಲಿಸಬೇಕು" ಅಂದರು. ಹಾಗೆ ಬರೆದುಕೊಡಿ ಅಂದರೆ ಬರೆದುಕೊಡಲಿಲ್ಲ. ಮಾತಿಗೆ ಸಿದ್ಧ, ಪೇಪರಿಗೆ ಸಿದ್ಧರಿಲ್ಲ. ಬ್ಯಾಟರಿಗೆ ವರ್ಷಗಟ್ಟಲೆ ವಾರಂಟಿ ಇದೆಯಲ್ಲ ಅಂದರೆ, ನೀರಿಗೆ ಬಿದ್ದದ್ದಕ್ಕೆ ಅದು ಬರುವುದಿಲ್ಲ. ಇಡೀ ಪ್ರಕರಣದಲ್ಲಿ ಜಾಸ್ತಿ ಸಮಯ ಹೋದದ್ದು ಇಲ್ಲೇ. ಗಾಡಿ ಅಲ್ಲೇ ಧೂಳು ತಿನ್ನುತ್ತಿತ್ತು, ನಾನು ಬಸ್ಸು, ಆಟೋ ಅಂತ ಅಲೆಯುತ್ತಿದ್ದೆ. ಒಂದು ದಿನ ಫೋನಿನಲ್ಲೇ ಜೋರಾಗಿ ಕೂಗಾಡಿದೆ, ಏನೂ ಪ್ರಯೋಜನ ಆಗಲಿಲ್ಲ.

ದಾರಿ ತೋರಿಸಿದ್ದು ಸರ್ವೇಯರೇ. "ಫ್ಯಾಕ್ಟರಿಗೆ ಕಳಿಸಿ ರಿಪೋರ್ಟ್ ತರಿಸಿ. ಕೆಟ್ಟಿದೆ ಅಂತ ಬರೆದರೆ ನಾನು ಟೋಟಲ್ ಲಾಸ್ ಹಾಕ್ತೀನಿ. ಚೆನ್ನಾಗಿದೆ ಅಂತ ಬರೆದರೆ ನೀವು ಧೈರ್ಯವಾಗಿ ಓಡಿಸಿ" ಅಂದರು. ಬ್ಯಾಟರಿ ಪ್ಯಾಕ್ ತೆರೆಯುವ ಅಧಿಕಾರ ಲೋಕಲ್ ಸೆಂಟರಿಗಿಲ್ಲ. ಪರೀಕ್ಷೆ, ಸಾಗಣೆ ಎರಡಕ್ಕೂ ಸೇರಿ 5,200 ರೂಪಾಯಿ ನನ್ನ ಕೈಯಿಂದ ಕಟ್ಟಿದೆ. ಇದು ಕ್ಲೇಮಿನಲ್ಲಿ ಬರಲಿಲ್ಲ. ಆದರೂ ಈ ದುಡ್ಡಿನ ಬಗ್ಗೆ ನನಗೆ ಬೇಜಾರಿಲ್ಲ. ಕೇಳುವಾಗ "ಚೆಕ್ ಮಾಡಿ" ಅಂತ ಬಿಟ್ಟುಬಿಡಬೇಡಿ. ಏನೇನು ಬೇಕು ಅಂತ ಬರೆದುಕೊಡಿ: ಪ್ಯಾಕಿನ ಸೀಲು ಸೋರುತ್ತದೆಯೇ ಅನ್ನುವ ಗಾಳಿ ಒತ್ತಡದ ಪರೀಕ್ಷೆ, ಕರೆಂಟ್ ಹೊರಗೆ ಸೋರುತ್ತದೆಯೇ ಅಂತ ನೋಡುವ ಇನ್ಸುಲೇಶನ್ ರೆಸಿಸ್ಟೆನ್ಸ್, ಬಿಎಂಎಸ್‌ನಲ್ಲಿ (ಬ್ಯಾಟರಿಯನ್ನು ನಿಯಂತ್ರಿಸುವ ಸರ್ಕ್ಯೂಟ್) ದಾಖಲಾದ ಎರರ್‌ಗಳು, ಒಂದೊಂದು ಸೆಲ್ ಗುಂಪಿನ ವೋಲ್ಟೇಜ್. ಎಲ್ಲದಕ್ಕೂ ಪ್ಯಾಕಿನ ಸೀರಿಯಲ್ ನಂಬರ್ ಸಮೇತ ರಿಪೋರ್ಟ್.

ರಿಪೋರ್ಟ್ ಬಂತು. ಪ್ಯಾಕಿನ ಒಳಗೆ ನೀರು ಹೋಗಿರಲಿಲ್ಲ! ಹೊರಗಿನ ಕನೆಕ್ಟರಿನಲ್ಲಿ ಮಾತ್ರ ತುಕ್ಕಿತ್ತು. ಕನೆಕ್ಟರ್, ಗ್ಯಾಸ್ಕೆಟ್ ಬದಲಿಸಿ, ಮತ್ತೆ ಪರೀಕ್ಷೆ ಮಾಡಿ ಪಾಸ್ ಮಾಡಿದ್ದರು. ಸರ್ವೇಯರ್ ಹೇಳಿದ್ದೇ ಸರಿ ಇತ್ತು. ಹಾಗಂತ ಆ ಮೀಟರ್ ರೀಡಿಂಗ್ ನಂಬಿಕೊಂಡು ಮನೆಯೊಳಗೆ ಚಾರ್ಜಿಗೆ ಹಾಕಲು ನನಗಂತೂ ಮನಸ್ಸು ಬರುತ್ತಿರಲಿಲ್ಲ. ವೋಲ್ಟೇಜ್ ಸರಿ ಇರುವುದಕ್ಕೂ ಒಳಗೆ ನೀರಿಲ್ಲದಿರುವುದಕ್ಕೂ ಸಂಬಂಧವಿಲ್ಲ.

ಆಮೇಲೆ ಎಲ್ಲ ಸರಸರ ನಡೆಯಿತು. ಬ್ಯಾಟರಿ ಬಿಟ್ಟು ಉಳಿದ ರಿಪೇರಿಗೆ ಒಪ್ಪಿಗೆ ಸಿಕ್ಕಿತು. ಬಿಲ್ಲಿನಲ್ಲಿ ಸುಮಾರು 24,000 ಇನ್ಶೂರೆನ್ಸ್ ಕಟ್ಟಿತು. ಆಯಿಲ್, ನಟ್ಟು-ಬೋಲ್ಟು, ಕ್ಲೀನಿಂಗ್ ಅಂತ ಕನ್ಸ್ಯೂಮಬಲ್ಸ್ ಮೂರು ಸಾವಿರದಷ್ಟು ನನ್ನ ಮೇಲೆ ಬಿತ್ತು. ಟೂ ವ್ಹೀಲರಿನ ಕಡ್ಡಾಯ ಕಡಿತ 100 ರೂಪಾಯಿ ಅದರಲ್ಲೇ ಸೇರಿದೆ. ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ನೋ ಕ್ಲೇಮ್ ಬೋನಸ್, 20 ಪರ್ಸೆಂಟ್ ಇದ್ದದ್ದು ಸೊನ್ನೆಯಾಯಿತು, ಮುಂದಿನ ಪ್ರೀಮಿಯಂ ಜಾಸ್ತಿ ಬರುತ್ತದೆ. ಬದಲಿಸಿದ ಹಳೇ ಪಾರ್ಟುಗಳನ್ನು ಮರುಪರಿಶೀಲನೆ ಆಗುವವರೆಗೆ ಎಸೆಯಬೇಡಿ ಅಂತ ಸೆಂಟರಿಗೆ ಮೊದಲೇ ಹೇಳಿಡಿ. ನನ್ನ ಪಕ್ಕದವರ ಹಾರ್ನೆಸ್ ಗುಜರಿಗೆ ಹೋಗಿಬಿಟ್ಟಿತ್ತು. ಅದರ ದುಡ್ಡಿಗಾಗಿ ಅವರು ಇನ್ನೂ ಜಗಳವಾಡುತ್ತಿದ್ದಾರೆ.

ಕ್ಲೇಮ್ ತಿರಸ್ಕಾರವಾದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ಇಂಥ ದೂರು ಕೇಳಿ ತೀರ್ಮಾನ ಕೊಡುವ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಕಚೇರಿ ಜೆ.ಪಿ. ನಗರ 1ನೇ ಹಂತದ ಜೀವನ್ ಸೌಧದಲ್ಲಿದೆ. ಫೀಸ್ ಇಲ್ಲ, ವಕೀಲರೂ ಬೇಡ. ನನಗೆ ಅಲ್ಲಿಗೆ ಹೋಗುವ ಅಗತ್ಯ ಬರಲಿಲ್ಲ.

ಗಾಡಿ ತೆಗೆದುಕೊಳ್ಳುವ ದಿನ ಅವಸರ ಮಾಡಬೇಡಿ. ಸೆಂಟರಿನಲ್ಲೇ ಅವರ ಎದುರಿಗೆ ಅರ್ಧ ಗಂಟೆ ಚಾರ್ಜಿಗೆ ಹಾಕಿಸಿದೆ. ಒಂದು ಸುತ್ತು ಓಡಿಸಿ ಬಂದು ಮೋಟರ್, ಕಂಟ್ರೋಲರ್ ಹತ್ತಿರ ಕೈ ಇಟ್ಟು ಬಿಸಿ ನೋಡಿದೆ. ಮುಂದಿನ ಚಕ್ರದ ಬೇರಿಂಗ್ ಕರಕರ ಅಂತಿತ್ತು, ಬದಲಿಸಿಯೇ ಇರಲಿಲ್ಲ, ಬಿಲ್ಲಿನಲ್ಲಿ ಮಾತ್ರ ಇತ್ತು. ಅಲ್ಲೇ ಹಾಕಿಸಿಕೊಂಡೆ. ಡ್ಯಾಶ್‌ಬೋರ್ಡ್ ಹೊಸದಾದ್ದರಿಂದ ಆ್ಯಪಿಗೆ ಗಾಡಿ ಸೇರಲಿಲ್ಲ. ಅವರು ಹಿಂದಿನಿಂದ ಏನೋ ಅಪ್‌ಡೇಟ್ ಮಾಡಬೇಕಂತೆ. ಆ ಫ್ಯಾಕ್ಟರಿ ರಿಪೋರ್ಟಿನ ಪಿಡಿಎಫ್ ಮತ್ತು ರಿಪೇರಿ ಬಿಲ್ ಎರಡನ್ನೂ ಡ್ರೈವಿನಲ್ಲಿ ಹಾಕಿಟ್ಟಿದ್ದೇನೆ. ಮುಂದೆ ಗಾಡಿ ಮಾರುವಾಗ ಕೊಳ್ಳುವವರಿಗೆ ತೋರಿಸಬೇಕಲ್ಲ.